ಮುಹರ್ರಕ್: ರನ್‌ವೇ ತೊಳೆಯುವ ರಾತ್ರಿ

ಒಂದೂವರೆಗೆ ಕೊನೆಯ ವಿಮಾನ ಇಳಿದ ಮೇಲೆ
ನಾಲ್ಕರವರೆಗೆ ಈ ಬಯಲು ನಮ್ಮದು.
ಟೈರು ನೆಲ ಮುಟ್ಟಿದ ಕಡೆಯಲ್ಲೆಲ್ಲ ಸುಟ್ಟ ರಬ್ಬರು
ದೋಸೆಕಾವಲಿಗೆ ಕರಿ ಹತ್ತಿದಂತೆ ಹತ್ತಿರುತ್ತದೆ.
ನೀರನ್ನು ಚೂರಿಯಷ್ಟು ಹರಿತ ಮಾಡಿ
ಕೆರೆಯುವುದು ನನ್ನ ಕಸುಬು.
ಮಲ್ಪೆಯಲ್ಲಿ ದೋಣಿಯ ಅಡಿಗೆ ಕಚ್ಚಿದ ಚಿಪ್ಪು ಕೆರೆಯುತ್ತಿದ್ದೆ;
ಇಲ್ಲಿ ಆಕಾಶದ ಅಡಿ.

ಜೊತೆಗೆ ಹಸನ್ ಅಲ್ ಗಲ್ಲಾಫ್. ನಿವೃತ್ತಿಗೆ ಏಳು ತಿಂಗಳು.
ಗಾಡಿಯ ದೀಪ ಆರಿಸಿ, ಫ್ಲಾಸ್ಕಿನ ಕರಕ್ ಚಾ ಬಗ್ಗಿಸಿ
ಹೇಳುತ್ತಾನೆ, ಅರ್ಧ ಅರಬ್ಬಿ, ಅರ್ಧ ನಮ್ಮವರಿಂದ ಕಲಿತ ಹಿಂದಿ:
"ಇದನ್ನು ಹಾಸಿದವನು ನನ್ನಪ್ಪ."

ಮುತ್ತು ಸತ್ತ ವರ್ಷಗಳವು.
ಜಪಾನಿನವರು ಸಾಕಿ ಬೆಳೆಸಿದ ಮುತ್ತು ಪೇಟೆಗೆ ಬಂದು
ಇಲ್ಲಿನ ದೋಣಿಗಳೆಲ್ಲ ದಡದಲ್ಲೇ ಒಣಗಿ ಬಾಯಿಬಿಟ್ಟಿದ್ದವು.
ದೋಣಿ ಕಟ್ಟುವ ಮನೆತನದ ಹುಡುಗ,
ಕೈಯಲ್ಲಿ ಬಾಚಿ, ಕೆತ್ತಲು ಮರವಿಲ್ಲ.
ಆಗ ಬಂತು ದೊರೆಗಳ ಯುದ್ಧ.
ಉಪ್ಪಿನ ಬಯಲಿಗೆ ಸುಣ್ಣದ ಗೆರೆ ಎಳೆದರು,
ಹಡಗಿನಿಂದ ಇಳಿಸಿದರು ತೂತು ತೂತಿನ ಉಕ್ಕಿನ ಹಲಗೆ,
ಹತ್ತಡಿ ಉದ್ದ, ಒಂದಕ್ಕೊಂದು ಕೊಕ್ಕೆ.
ಚಾಪೆ ಹೆಣೆದಂತೆ ಹೆಣೆದು ಮರಳ ಮೇಲೆ ಬಿಡಿಸಿದರೆ
ಇಳಿದೇಬಿಟ್ಟಿತಂತೆ ಬಾಂಬಿನ ವಿಮಾನ,
ಮದುವೆಮನೆಯಲ್ಲಿ ತಾಟುಗಳ ಅಟ್ಟಿ ಬಿದ್ದ ಹಾಗೆ
ದ್ವೀಪವಿಡೀ ಗಣಗಣ.

ಕೂಲಿ ದಿನಕ್ಕೆ ಒಂದು ರೂಪಾಯಿ ಎರಡಾಣೆ.
"ನಿಮ್ಮದೇ ರೂಪಾಯಿ," ಹಸನ್ ನಗುತ್ತಾನೆ,
"ಆಗ ಅಲ್ಲಿಂದ ಬರುತ್ತಿತ್ತು, ನಾವು ಎಣಿಸುತ್ತಿದ್ದೆವು."
ನಮ್ಮದೂ ಅಲ್ಲ ಮಾರಾಯ, ಎನ್ನುತ್ತೇನೆ,
ಅದರ ಮೇಲಿದ್ದದ್ದು ಬೇರೆಯವನ ತಲೆ.

ಯುದ್ಧ ಮುಗಿದ ಮೇಲೆ ಹಲಗೆಗಳು ಊರೊಳಗೆ ನಡೆದವು.
ಒಂದು ಆಡಿನ ದೊಡ್ಡಿಗೆ. ಒಂದು ಮೀನು ಒಣಗಿಸಲು.
ಒಂದು ಹಸನ್ ಹುಟ್ಟಿದ ಮನೆಯ ಹಿತ್ತಿಲ ಬೇಲಿ.
ಅವನು ಲೆಕ್ಕ ಕಲಿತದ್ದು ಅದರಲ್ಲೇ:
ಸಾಲಿಗೆ ಇಪ್ಪತ್ತೊಂಬತ್ತು ತೂತು, ಮೂರು ಸಾಲು, ಎಂಬತ್ತೇಳು.
ಅಮ್ಮ ಬೈದಾಗಲೆಲ್ಲ ಅಲ್ಲಿ ಕೂತು ಎಣಿಸುತ್ತಿದ್ದ;
ಪ್ರತಿ ತೂತಿನಲ್ಲೂ ಒಂದೊಂದು ಚೂರು ವಿಮಾನ.
ಮೊದಮೊದಲು ರೆಕ್ಕೆಗೆ ಕೆಂಪು-ನೀಲಿ ಬೊಟ್ಟು ಇಟ್ಟವು,
ಆಮೇಲಾಮೇಲೆ ಕಿಟಕಿಯಲ್ಲಿ ಮುಖಗಳಿದ್ದವು.
ಯಾವ ದಿನ ಬದಲಾಯಿತು?
"ನಾನು ಎಣಿಸುತ್ತಿದ್ದೆ, ನೋಡಲಿಲ್ಲ," ಎನ್ನುತ್ತಾನೆ.
ಬೂದು ಬಣ್ಣದವು ಆಚೆ ಬದಿಯಲ್ಲಿ ಈಗಲೂ ಇವೆ.
ಅತ್ತ ದೀಪ ಹಾಯಿಸಬಾರದೆಂದು ನಮಗೆ ಮೊದಲ ದಿನವೇ ಹೇಳಿದ್ದಾರೆ.

ಹೋದ ವಾರ ಚರಂಡಿಗೆ ಅಗೆದಾಗ ಸಿಕ್ಕಿತು.
ಡಾಂಬರು, ಅದರಡಿ ಹಳೆ ಡಾಂಬರು, ಅದರಡಿ
ಅಂಗೈಯಗಲ ತುಕ್ಕು, ನಡುವೆ ಮುಕ್ಕಾಗದ ಒಂದು ತೂತು.
ಹಸನ್ ಅದನ್ನು ಕುಡಿಯುವ ನೀರಲ್ಲಿ ತೊಳೆದ,
ತಲೆಬಟ್ಟೆ ಬಿಚ್ಚಿ ಸುತ್ತಿದ.

ಗೇಟಿನ ಯಂತ್ರ ಕೂಗಿಕೊಂಡಿತು.
"ಇದೇನು ಹಜ್ಜಿ?" ಹೊಸ ಹುಡುಗಿ, ಸಮವಸ್ತ್ರ ಇನ್ನೂ ಗರಿಗರಿ.
"ರನ್‌ವೇ," ಎಂದ.
ಅವಳು ನನ್ನ ಮುಖ ನೋಡಿದಳು. ಹೌದೆಂದು ತಲೆಯಾಡಿಸಿದೆ.
ಹೌದಾದರೇನು, ಹರಿತದ ವಸ್ತು.
ಡಬ್ಬಕ್ಕೆ ಹಾಕಿಸಿಕೊಂಡಳು,
ಕತ್ತರಿ, ಲೈಟರು, ಯಾರದೋ ಅಮ್ಮ ಕಟ್ಟಿಕೊಟ್ಟ
ಮಿಡಿ ಉಪ್ಪಿನಕಾಯಿ ಬಾಟಲಿಯ ಪಕ್ಕ.

ಬಸ್ಸಿನಲ್ಲಿ ಅವನು ಮಾತಾಡಲಿಲ್ಲ.
ತನ್ನ ಓಣಿ ಬಂದಾಗ ಇಳಿದು, ತಿರುಗಿ ನಿಂತು,
ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ
ತೂತು ಮಾಡಿ ಕಣ್ಣಿಗೆ ಹಿಡಿದ.
ಕಿಟಕಿಯೊಳಗಿಂದ ನಾನೂ ಹಿಡಿದೆ.
ಅದರೊಳಗೆ ಆಗತಾನೆ ಬಾಗಿ ತಿರುಗುತ್ತಿತ್ತು
ಮಂಗಳೂರಿನದು, ಕಾಲು ಇಳಿಬಿಟ್ಟುಕೊಂಡು,
ನಾವು ಈಗಷ್ಟೇ ತೊಳೆದಿಟ್ಟ ಕಡೆಗೇ.